ಬಾಯಿಪಾಠ ಬರುತ್ತದೆ, ಓದು ಬರುವುದಿಲ್ಲ: ಮಗನಿಗಾಗಿ ಶಾಲೆಯಲ್ಲಿ ಏನು ಕೇಳಬೇಕು?

ಪ್ರಶ್ನೆ: ನನ್ನ ಮಗನಿಗೆ ಹತ್ತು ವರ್ಷ. ಧಾರವಾಡದಲ್ಲಿ ಕ್ರೈಸ್ತ ಸಂಸ್ಥೆಯೊಂದು ನಡೆಸುವ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಐದನೇ ತರಗತಿ. ಕೇಳಿದ ಪಾಠವನ್ನು ಹಾಗೇ ಒಪ್ಪಿಸುತ್ತಾನೆ, ಬಾಯಿಲೆಕ್ಕದಲ್ಲಿ ಚುರುಕು. ಪುಸ್ತಕ ಹಿಡಿದು ಓದು ಎಂದರೆ ಮಾತ್ರ ಒಂದೊಂದೇ ಅಕ್ಷರ ಕೂಡಿಸುತ್ತಾನೆ. ಬೋರ್ಡಿನಿಂದ ಬರೆದುಕೊಂಡದ್ದು ಅರ್ಧಕ್ಕೇ ನಿಂತಿರುತ್ತದೆ. ಎರಡು ತಿಂಗಳ ಹಿಂದೆ ಅಸೆಂಬ್ಲಿಯಲ್ಲಿ ಬೈಬಲ್ ವಾಚನಕ್ಕೆ ನಿಲ್ಲಿಸಿದಾಗ ತಡವರಿಸಿದ, ಮಕ್ಕಳು ನಕ್ಕರಂತೆ. ಅಂದಿನಿಂದ ಬೆಳಗಾದರೆ "ಹೊಟ್ಟಿ ನೋಯಾಕತ್ತೇತಿ, ಸಾಲಿಗೆ ಹೋಗಂಗಿಲ್ಲ" ಅನ್ನುತ್ತಾನೆ. ಶಾಲೆಯ ಕೌನ್ಸೆಲರ್ ಸಿಸ್ಟರ್ ಹತ್ತಿರ ಕಳಿಸಲು ಒಪ್ಪಿಗೆ ಪತ್ರಕ್ಕೆ ಸಹಿ ಕೇಳಿದ್ದಾರೆ. ನಾವು ಕ್ರೈಸ್ತರಲ್ಲ. ಸಹಿ ಮಾಡಿದರೆ ಹುಡುಗನಿಗೆ ಒಂದು ಹೆಸರು ಹಚ್ಚಿಬಿಡುತ್ತಾರೇನೋ ಎಂಬ ಭಯ. ಮನೆಯವರು ಇದು ಸೋಮಾರಿತನ ಅನ್ನುತ್ತಾರೆ. ಟ್ಯೂಷನ್ ಹಚ್ಚೋಣ, ಇಲ್ಲವೇ ಶಾಲೆ ಬದಲಿಸೋಣ ಅನ್ನುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಧಾರವಾಡ

ಉತ್ತರ: ನೀವು ಬರೆದ ವಿವರದಲ್ಲೇ ಅರ್ಧ ಉತ್ತರ ಇದೆ. ಕಿವಿಯಿಂದ ಕೇಳಿದ್ದು ಉಳಿಯುತ್ತದೆ, ಬಾಯಿಲೆಕ್ಕ ಬರುತ್ತದೆ, ಅಕ್ಷರದ ಮುಂದೆ ಮಾತ್ರ ಹುಡುಗ ನಿಂತುಬಿಡುತ್ತಾನೆ. ಸೋಮಾರಿ ಮಗು ಎಲ್ಲದರಲ್ಲೂ ಸೋಮಾರಿಯಾಗಿರುತ್ತದೆ, ಹೀಗೆ ಒಂದೇ ಕಡೆ ಸಿಕ್ಕಿಕೊಳ್ಳುವುದಿಲ್ಲ. ಇಲ್ಲಿ ಓದಿನ ನಿರ್ದಿಷ್ಟ ತೊಡಕು, ಅಂದರೆ ಡಿಸ್ಲೆಕ್ಸಿಯಾ, ಇದೆಯೇ ಎಂದು ನೋಡಲೇಬೇಕು. ಇದೆ ಎಂದು ಪತ್ರ ಓದಿ ಹೇಳಲಾಗದು, ಅದಕ್ಕೆ ಪರೀಕ್ಷೆ ಬೇಕು. ಮೂರನೆಯವರೆಗೆ ಚೆನ್ನಾಗಿದ್ದವನು ಈಗೇಕೆ ಹೀಗೆ ಎಂದು ಅನೇಕರು ಕೇಳುತ್ತಾರೆ. ಕೆಳಗಿನ ತರಗತಿಗಳಲ್ಲಿ ಪಾಠ ಚಿಕ್ಕದು. ನೆನಪು ಗಟ್ಟಿಯಿರುವ ಮಗು ಇಡೀ ಪಾಠವನ್ನು ಕೇಳಿಯೇ ಕಲಿತು, ಪುಟ ನೋಡುತ್ತ ಬಾಯಿಪಾಠ ಒಪ್ಪಿಸಿಬಿಡುತ್ತದೆ. ನಾಲ್ಕು-ಐದಕ್ಕೆ ಬಂದರೆ ವಿಜ್ಞಾನ, ಸಮಾಜದಲ್ಲಿ ಹಿಂದೆ ಕೇಳಿರದ ಶಬ್ದಗಳು ಪುಟದ ತುಂಬ ಬರುತ್ತವೆ. ಅಲ್ಲಿ ನೆನಪು ಕೈಕೊಡುತ್ತದೆ.

ಹೊಟ್ಟೆನೋವೂ ಓದೂ ಬೇರೆ ಬೇರೆ ಎಂದು ತಿಳಿಯಬೇಡಿ. ಓದಿನ ತೊಡಕನ್ನು ಹಾಗೇ ಬಿಟ್ಟು ಬರೀ ಧೈರ್ಯ ಹೇಳಿದರೆ ನೋವು ಹೋಗುವುದಿಲ್ಲ. ಭಯವನ್ನು ಹಾಗೇ ಇಟ್ಟು ಓದಿಸಿದರೆ ಓದು ತಲೆಗೆ ಹತ್ತುವುದಿಲ್ಲ. ಎರಡಕ್ಕೂ ಕೂಡಿಯೇ ಕೈಹಾಕಬೇಕು, ಮತ್ತು ಹಾಕಬೇಕಾದ ಕೈ ಮನೆಯದಷ್ಟೇ ಅಲ್ಲ, ಶಾಲೆಯದೂ ಹೌದು.

ಮೊದಲು ದೇಹದ ಕಡೆ ನೋಡೋಣ. ಕಣ್ಣು ಪರೀಕ್ಷೆ ಮಾಡಿಸುವಾಗ ದೂರದ ಬೋರ್ಡಿನ ಜೊತೆಗೆ ಹತ್ತಿರದ ಓದನ್ನೂ ನೋಡಲು ಹೇಳಿ. ಕಿವಿ ಸೋರಿದ ಇತಿಹಾಸ ಇದ್ದರೆ, ನೆಗಡಿ ಬಂದಾಗ ಕಿವಿ ಮಂದವಾಗುತ್ತಿದ್ದರೆ ಶ್ರವಣ ಪರೀಕ್ಷೆ ಬೇಕು. ರಕ್ತದಲ್ಲಿ ಹಿಮೋಗ್ಲೋಬಿನ್ ನೋಡಿಸಿ: ಈ ವಯಸ್ಸಿಗೆ 11.5 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ, ಆಗ ಗಮನವೂ ಕುಂದುತ್ತದೆ. ಹತ್ತು ವರ್ಷದ ಮಗುವಿಗೆ ಕನಿಷ್ಠ 9 ಗಂಟೆ ನಿದ್ದೆ ಬೇಕು. ಹೊಟ್ಟೆನೋವು ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ತೂಕ ಇಳಿದರೆ, ಜ್ವರ, ಪದೇ ಪದೇ ವಾಂತಿ, ಮಲದಲ್ಲಿ ರಕ್ತ ಕಂಡರೆ ಅದನ್ನು ಭಯ ಎಂದು ತಳ್ಳಿಹಾಕದೆ ಮಕ್ಕಳ ವೈದ್ಯರಿಗೆ ತೋರಿಸಿ. ಶಾಲೆ ಇರುವ ದಿನ ಬೆಳಿಗ್ಗೆ ಬಂದು, ಹತ್ತೂವರೆಯ ಹೊತ್ತಿಗೆ ಇಳಿದು, ರಜೆಯಲ್ಲಿ ಪತ್ತೆಯೇ ಇಲ್ಲದ ನೋವು ಹೆಚ್ಚಾಗಿ ಆತಂಕದ್ದು. ಅದು ನಾಟಕ ಅಲ್ಲ. ನೋವು ನಿಜ, ಕಾರಣ ಮಾತ್ರ ಹೊಟ್ಟೆಯಲ್ಲಿಲ್ಲ.

ಇನ್ನು ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ. ಇಂಗ್ಲಿಷ್ ಮಾಧ್ಯಮದ ಮಕ್ಕಳಲ್ಲಿ ಇದನ್ನು ಬಿಟ್ಟರೆ ದಾರಿ ತಪ್ಪುತ್ತದೆ. ಮನೆಯಲ್ಲಿ ಯಾರೂ ಆಡದ ಭಾಷೆಯನ್ನು ನಿಧಾನವಾಗಿ ಓದುವುದು ತೊಡಕೇ ಆಗಬೇಕೆಂದಿಲ್ಲ, ಅಭ್ಯಾಸದ ಕೊರತೆಯೂ ಆಗಿರಬಹುದು. ಆದ್ದರಿಂದ ಮನೆಮಾತಿನಲ್ಲಿ ನೋಡಬೇಕು. ಅವನು ಎಂದೂ ಓದಿರದ ಮೂರನೇ ತರಗತಿಯ ಕನ್ನಡ ಪಾಠದ ಒಂದು ಭಾಗ ಕೊಡಿ. ಒಂದು ನಿಮಿಷ ಓದಿಸಿ, ಎಷ್ಟು ಪದ ಸರಿಯಾಗಿ ಓದಿದ ಎಂದು ಬರೆದಿಡಿ. ಆಮೇಲೆ ಅಷ್ಟೇ ಕಠಿಣದ ಇನ್ನೊಂದು ಭಾಗವನ್ನು ನೀವು ಓದಿ ಹೇಳಿ, ಅರ್ಥ ಕೇಳಿ. ಕೇಳಿದಾಗ ಅರ್ಥ ಪೂರ್ತಿ ಹೇಳಿ, ಓದುವಾಗ ಮಾತ್ರ ಎಡವಿದರೆ ಅಡಚಣೆ ಅಕ್ಷರದಲ್ಲಿದೆ. ಎರಡರಲ್ಲೂ ಅರ್ಥ ಆಗದಿದ್ದರೆ ಭಾಷೆ ಅಥವಾ ಗಮನದ ಕಡೆ ನೋಡಬೇಕು. ಕನ್ನಡ ಸರಾಗವಾಗಿ ಓದಿ ಇಂಗ್ಲಿಷ್‌ನಲ್ಲಿ ಮಾತ್ರ ತಡವರಿಸಿದರೆ ಡಿಸ್ಲೆಕ್ಸಿಯಾ ಸಂಶಯ ಬಹಳ ಕಡಿಮೆಯಾಗುತ್ತದೆ. ಮನೆಮಾತು ಉರ್ದು, ಮರಾಠಿ, ಕೊಂಕಣಿ ಇದ್ದ ಪೋಷಕರು ಕೇಳಿ ತಿಳಿಯುವ ಭಾಗವನ್ನು ಆ ಮಾತಿನಲ್ಲೇ ಮಾಡಲಿ.

ಜೊತೆಗೆ ಹತ್ತು ಪದ ಉಕ್ತಲೇಖನ ಕೊಡಿ: ಕಮಲ, ಗಾಳಿ, ಕಿಟಕಿ, ಅಕ್ಕ, ಜಾತ್ರೆ, ಪುಸ್ತಕ, ಕಷ್ಟ, ಸೂರ್ಯ, ತೊಟ್ಟಿಲು, ಶಾಸ್ತ್ರ. ಇಲ್ಲಿ ಅಂಕಕ್ಕಿಂತ ತಪ್ಪಿನ ಬಗೆ ನೋಡಿ. ದೀರ್ಘ ಪದೇ ಪದೇ ಬಿಟ್ಟುಹೋಗುವುದು, ಒತ್ತಕ್ಷರ ಬೇರೆ ಅಕ್ಷರದ ಕೆಳಗೆ ಕೂಡುವುದು, ನಡುವಿನ ಒಂದು ಅಕ್ಷರವೇ ಮಾಯವಾಗುವುದು ಗಮನಿಸಬೇಕಾದ ಗುರುತುಗಳು. 'ಸೂರ್ಯ' ಬರೆಯುವಾಗ ರಕಾರವನ್ನು ಮೊದಲು ಉಚ್ಚರಿಸಿ, ಅದರ ಗುರುತನ್ನು ಯಕಾರದ ನಂತರ ಹಾಕಬೇಕು. ಧ್ವನಿಯ ಕ್ರಮವೂ ಬರಹದ ಕ್ರಮವೂ ತಿರುಗುಮುರುಗು. ತೊಡಕಿರುವ ಮಕ್ಕಳು ಸಾಮಾನ್ಯವಾಗಿ ಇಲ್ಲೇ ಬೀಳುತ್ತಾರೆ. ಆದರೆ 'ಮನೆ' ಬದಲು 'ಮನಿ', 'ಜಾತ್ರೆ' ಬದಲು 'ಜಾತ್ರಿ' ಬರೆದರೆ ಅದನ್ನು ತಪ್ಪಿನ ಲೆಕ್ಕಕ್ಕೆ ಹಿಡಿಯಬೇಡಿ. ನಮ್ಮ ಭಾಗದ ಮಗು ಆಡಿದಂತೆ ಬರೆದಿದೆ, ಅಷ್ಟೇ. ಮಹಾಪ್ರಾಣ ಬಿಡುವುದಕ್ಕೂ ಇದೇ ಮಾತು. ಈ ಸೀಮೆಯ ಮಾತು ತಿಳಿಯದವರು ಪರೀಕ್ಷಿಸಿದಾಗ ಇದನ್ನೇ ದೋಷ ಎಂದು ಎಣಿಸುವ ಅಪಾಯ ಇದೆ, ಹೇಳಿಬಿಡಿ. ಕನ್ನಡ ಬರೆದಂತೆ ಓದುವ ಲಿಪಿ ಆದ್ದರಿಂದ ತೊಡಕಿರುವ ಮಗು ಕನ್ನಡದಲ್ಲಿ ಬಹಳ ತಪ್ಪು ಮಾಡದೆ ಬರೀ ನಿಧಾನವಾಗಿಯೂ ಓದಬಹುದು. 'ತಪ್ಪಿಲ್ಲವಲ್ಲ' ಎಂದು ಸುಮ್ಮನಾಗಬೇಡಿ, ವೇಗ ನೋಡಿ.

ಈ ಹಾಳೆಗಳನ್ನು ದಿನಾಂಕ ಹಾಕಿ ಎತ್ತಿಡಿ. ಶಾಲೆಗೂ ಆಸ್ಪತ್ರೆಗೂ ಅವು ನಿಮ್ಮ ಮಾತಿಗಿಂತ ಹೆಚ್ಚು ಹೇಳುತ್ತವೆ.

ಈಗ ಒಪ್ಪಿಗೆ ಪತ್ರದ ವಿಷಯ. ಸಹಿ ಮಾಡಿ, ಆದರೆ ಓದಿ ಮಾಡಿ. ಅದರಲ್ಲಿ ಯಾಕೆ ಭೇಟಿ, ವಾರಕ್ಕೆ ಎಷ್ಟು ಸಲ, ಎಷ್ಟು ಹೊತ್ತು, ಯಾವ ಪೀರಿಯಡ್‌ನಲ್ಲಿ, ಟಿಪ್ಪಣಿ ಯಾರ ಹತ್ತಿರ ಇರುತ್ತದೆ, ಒಪ್ಪಿಗೆ ಹಿಂತೆಗೆದುಕೊಳ್ಳುವುದು ಹೇಗೆ ಎಂಬುದು ಇರಬೇಕು. ಇಲ್ಲದಿದ್ದರೆ ಕೈಯಲ್ಲಿ ಬರೆದು ಸೇರಿಸಿ. ವಾರಕ್ಕೊಮ್ಮೆ 30-40 ನಿಮಿಷ ಸಾಕು. ಒಂದು ಮಾತು ಒತ್ತಿ ಹೇಳಿ: ಪಿ.ಟಿ., ಸಂಗೀತ, ಚಿತ್ರಕಲೆಯ ಪೀರಿಯಡ್‌ನಿಂದ ಮಗುವನ್ನು ಎಬ್ಬಿಸಬಾರದು. ಶಾಲೆಗಳು ಪಾಠ ತಪ್ಪಬಾರದೆಂದು ಹೀಗೆ ಮಾಡುತ್ತವೆ, ಆದರೆ ಹುಡುಗ ಗೆಲ್ಲುವ ಒಂದೇ ಜಾಗವನ್ನು ಕಿತ್ತುಕೊಂಡಂತಾಗುತ್ತದೆ. ಮಗು ಹೇಳಿದ ಮಾತು ಸ್ಟಾಫ್ ರೂಮಿಗೆ ಹೋಗಬಾರದು. ಮಗುವಿನ ಜೀವಕ್ಕೆ ಅಪಾಯ, ಬೇರೆಯವರಿಗೆ ಅಪಾಯ, ಇಲ್ಲವೇ ಮಗುವಿನ ಮೇಲೆ ದೌರ್ಜನ್ಯ, ಈ ಮೂರರಲ್ಲಿ ಮಾತ್ರ ಗುಟ್ಟು ಇಟ್ಟುಕೊಳ್ಳುವಂತಿಲ್ಲ. ಲೈಂಗಿಕ ದೌರ್ಜನ್ಯದ ಮಾತು ಬಂದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಇದನ್ನು ಕೌನ್ಸೆಲರ್ ಮೊದಲ ದಿನವೇ ಮಗುವಿಗೆ ತಿಳಿಯುವಂತೆ ಹೇಳಬೇಕು. ಇನ್ನೊಂದು: ಶಾಲೆಯ ಕೌನ್ಸೆಲರ್ ಭಯ ಇಳಿಸಬಲ್ಲರು, ಟೀಚರ್‌ಗಳ ಜೊತೆ ಮಾತಾಡಬಲ್ಲರು, ಡಿಸ್ಲೆಕ್ಸಿಯಾ ಇದೆ ಅಥವಾ ಇಲ್ಲ ಎಂದು ತೀರ್ಮಾನಿಸುವುದು ಅವರ ಕೆಲಸ ಅಲ್ಲ. ಅದು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ಕ್ಲಿನಿಕಲ್ ಸೈಕಾಲಜಿಸ್ಟ್ ಕೆಲಸ.

ಧರ್ಮದ ಬಗ್ಗೆ ನಿಮ್ಮ ಭಯ ಅರ್ಥವಾಗುತ್ತದೆ, ಅದನ್ನು ಮುಚ್ಚಿಡುವುದಕ್ಕಿಂತ ಕೇಳುವುದು ಒಳ್ಳೆಯದು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ. ಅಲ್ಲಿಂದೀಚೆಗೆ ಈ ಭಾಗದ ಮಿಷನ್ ಶಾಲೆಗಳಲ್ಲಿ ಎಲ್ಲ ಜಾತಿ ಮತದ ಮಕ್ಕಳು ಓದುತ್ತ ಬಂದಿದ್ದಾರೆ. ಸಂವಿಧಾನದ 28(3)ನೇ ವಿಧಿಯ ಪ್ರಕಾರ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಯಾವ ಶಾಲೆಯೂ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗಾಗಲಿ ಪ್ರಾರ್ಥನೆಗಾಗಲಿ ಸೇರಿಸುವಂತಿಲ್ಲ. ಕೌನ್ಸೆಲಿಂಗ್ ಧಾರ್ಮಿಕ ಬೋಧನೆಯಲ್ಲ. 'ಕೌನ್ಸೆಲಿಂಗ್‌ಗೆ ಒಪ್ಪಿಗೆ ಇದೆ, ಪ್ರಾರ್ಥನೆಯ ವಿಷಯ ಬಂದರೆ ಮೊದಲು ನಮ್ಮನ್ನು ಕೇಳಿ' ಎಂದು ಒಂದು ಸಾಲು ಬರೆದರೆ ಸಿಸ್ಟರ್ ಬೇಸರ ಮಾಡಿಕೊಳ್ಳುವುದಿಲ್ಲ, ಅವರಿಗೂ ಸ್ಪಷ್ಟವಾಗುತ್ತದೆ. ಇದನ್ನು ಓದುವ ಕ್ರೈಸ್ತ ಪೋಷಕರಿಗೂ ಒಂದು ಮಾತು. ಮಗುವಿನ ಜೊತೆ ಪ್ರಾರ್ಥನೆ ಮಾಡಿ, ಅದರಿಂದ ಮಗುವಿಗೆ ಬಲ ಬರುತ್ತದೆ. ಆದರೆ 'ಪ್ರಾರ್ಥನೆ ಮಾಡು, ಓದು ತಾನಾಗಿ ಬರುತ್ತದೆ' ಎಂದು ಹೇಳಬೇಡಿ. ಬರದಿದ್ದಾಗ ಮಗು ತನ್ನ ಪ್ರಾರ್ಥನೆಯಲ್ಲೇ ತಪ್ಪಿದೆ ಎಂದುಕೊಳ್ಳುತ್ತದೆ. ಓದಿನ ಸೋಲಿಗೆ ಇನ್ನೊಂದು ಸೋಲು ಕೂಡುತ್ತದೆ.

ಶಾಲೆಯ ಭೇಟಿಗೆ ಹೆಡ್‌ಮಾಸ್ಟರ್ ಅಥವಾ ಹೆಡ್‌ಮಿಸ್ಟ್ರೆಸ್, ಕ್ಲಾಸ್ ಟೀಚರ್, ಕೌನ್ಸೆಲರ್ ಮೂವರೂ ಕೂಡಿರುವಂತೆ ಸಮಯ ಕೇಳಿ. ತಂದೆ ತಾಯಿ ಇಬ್ಬರೂ ಹೋಗಿ. ದೂರು ಹೇಳುವ ಧಾಟಿ ಬೇಡ, 'ಸ್ವಲ್ಪ ಗಮನ ಕೊಡಿ' ಎಂಬ ಮಾತೂ ಬೇಡ. ಅದಕ್ಕೆ ಎಲ್ಲರೂ ಹೂಂ ಅನ್ನುತ್ತಾರೆ, ಏನೂ ಬದಲಾಗುವುದಿಲ್ಲ. ನಿರ್ದಿಷ್ಟವಾಗಿ ಕೇಳಿ. ಮುನ್ಸೂಚನೆ ಇಲ್ಲದೆ ಗಟ್ಟಿಯಾಗಿ ಓದಿಸಬಾರದು. ಬೋರ್ಡಿನ ನೋಟ್ಸ್ ಪೂರ್ತಿ ಬರೆದುಕೊಳ್ಳುವ ಬದಲು ಝೆರಾಕ್ಸ್ ಕೊಟ್ಟು, ಅದರಲ್ಲಿ ಮುಖ್ಯ ಪದ ಗೆರೆ ಹಾಕುವ ಕೆಲಸ ಕೊಡಲಿ. ಮೊದಲ ಎರಡು ಸಾಲಿನಲ್ಲಿ, ಬೋರ್ಡಿಗೆ ನೇರವಾಗಿ ಕೂಡಿಸಲಿ. ಇಪ್ಪತ್ತು ಸ್ಪೆಲಿಂಗ್ ಬದಲು ಐದು. ವಿಜ್ಞಾನ, ಸಮಾಜದ ಉತ್ತರದಲ್ಲಿ ವಿಷಯ ಸರಿ ಇದ್ದರೆ ಕಾಗುಣಿತಕ್ಕೆ ಅಂಕ ಕಡಿಯಬಾರದು. ಶಾಲೆಯೊಳಗಿನ ಪರೀಕ್ಷೆಗಳಲ್ಲಿ ಪ್ರಶ್ನೆ ಓದಿ ಹೇಳಿ, ಗಂಟೆಗೆ 20 ನಿಮಿಷ ಹೆಚ್ಚು ಕೊಡಲಿ. ತುಂಬ ಕಷ್ಟವಾದಾಗ ಹೋಗಿ ಐದು ನಿಮಿಷ ಕೂತು ಬರಲು ಒಬ್ಬ ದೊಡ್ಡವರು ಇರಲಿ. ಇವ್ಯಾವಕ್ಕೂ ಹಣ ಬೇಡ, ತೊಡಕಿನ ಪ್ರಮಾಣಪತ್ರ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಅರ್ಧ ಪುಟದಲ್ಲಿ ಬರೆದು, ಆರು ವಾರದ ನಂತರದ ಒಂದು ದಿನಾಂಕ ಹಾಕಿ, ಎಲ್ಲರೂ ಸಹಿ ಮಾಡಿ.

ಇದು ಎಲ್ಲಿ ಕೆಡುತ್ತದೆ? ಹೆಡ್‌ಮಿಸ್ಟ್ರೆಸ್ ಒಪ್ಪಿರುತ್ತಾರೆ, ಹಿಂದಿ ಟೀಚರ್‌ಗೆ ಗೊತ್ತೇ ಇರುವುದಿಲ್ಲ. ಮೂರನೇ ದಿನ ಅವರು ಎದ್ದು ನಿಂತು ಓದು ಅನ್ನುತ್ತಾರೆ, ಹುಡುಗ ಯಾರನ್ನೂ ನಂಬುವುದಿಲ್ಲ. ಆದ್ದರಿಂದ ಪ್ರತಿ ವಿಷಯದ ಟೀಚರ್ ಕೈಗೂ ಆ ಅರ್ಧ ಪುಟ ಸೇರಬೇಕು, ಬದಲಿ ಟೀಚರ್ ಬಂದಾಗ ಕಾಣುವಂತೆ ಹಾಜರಿ ಪುಸ್ತಕದಲ್ಲೂ ಇರಬೇಕು. ಎರಡನೆಯದು, ಒಳ್ಳೆಯ ಮನಸ್ಸಿನಿಂದಲೇ ಟೀಚರ್ ತರಗತಿಗೆ ಹೇಳಿಬಿಡುತ್ತಾರೆ: 'ಅವನಿಗೆ ಪ್ರಾಬ್ಲೆಂ ಇದೆ, ಯಾರೂ ನಗಬಾರದು.' ಅವತ್ತಿನಿಂದ ಅದೇ ಅವನ ಹೆಸರು. ನಕ್ಕ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಮಾತಾಡಬೇಕು. ಊಟದ ಬಿಡುವಿನಲ್ಲೂ ವ್ಯಾನಿನಲ್ಲೂ ದೊಡ್ಡವರ ಕಣ್ಣು ಇರಬೇಕು. ಕೀಟಲೆ ತರಗತಿಗಿಂತ ಹೆಚ್ಚಾಗಿ ನಡೆಯುವುದು ಅಲ್ಲೇ.

ಬೈಬಲ್ ವಾಚನದ ಗಾಯ ಮಾತ್ರ ಬೇರೆಯಾಗಿ ವಾಸಿಯಾಗಬೇಕು. ಇನ್ನು ಮುಂದೆ ಅವನನ್ನು ವೇದಿಕೆಗೆ ಕರೆಯಲೇಬಾರದು ಎಂದರೆ ಸೋಲು ಖಾಯಂ ಆಗುತ್ತದೆ. ಓದು ಬೇಡದ, ಕಿವಿ ಮತ್ತು ನೆನಪು ಸಾಕಾಗುವ ಕೆಲಸ ಕೊಡಿಸಿ. ಗಾಯನದ ಗುಂಪು, ಕ್ರಿಸ್‌ಮಸ್ ನಾಟಕದ ಪಾತ್ರ, ಅಸೆಂಬ್ಲಿಯಲ್ಲಿ ದಿನದ ಸುದ್ದಿ ಬಾಯಲ್ಲಿ ಹೇಳುವುದು, ಯಾವುದಾದರೂ ಆಗಬಹುದು. ಮಿಷನ್ ಶಾಲೆಗಳಲ್ಲಿ ಇಂಥ ಅವಕಾಶ ಧಾರಾಳ, ಇದನ್ನು ಬಳಸದೆ ಬಿಡುವುದು ದೊಡ್ಡ ನಷ್ಟ. ಸಂಭಾಷಣೆಯನ್ನು ಟೀಚರ್ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕಳಿಸಿದರೆ ಅವನು ಎಲ್ಲರಿಗಿಂತ ಮೊದಲು ಕಲಿತುಬಿಡುತ್ತಾನೆ. ವಾಚನವನ್ನೇ ಮಾಡುತ್ತೇನೆ ಎಂದು ಅವನಾಗಿ ಹೇಳಿ, ನಿಮಗೂ ಒಪ್ಪಿಗೆ ಇದ್ದರೆ, ಮೂರೇ ಸಾಲಿನ ಭಾಗವನ್ನು ದೊಡ್ಡ ಅಕ್ಷರದಲ್ಲಿ ಬರೆದು ಒಂದು ವಾರ ಮೊದಲು ಕೊಡಲಿ, ಪಕ್ಕದಲ್ಲಿ ಇನ್ನೊಬ್ಬ ವಿದ್ಯಾರ್ಥಿ ಜೊತೆಗೂಡಿ ಓದಲಿ.

ಬೆಳಗಿನ ನೋವಿಗೆ ಬರೋಣ. ಮನೆಯಲ್ಲಿ ಉಳಿದ ಪ್ರತಿ ದಿನವೂ ಮರುದಿನವನ್ನು ಕಷ್ಟ ಮಾಡುತ್ತದೆ. 'ಇಂದು ಹೋಗಬೇಡ' ಎಂದ ಕೂಡಲೇ ನೋವು ಇಳಿಯುತ್ತದಲ್ಲ, ಆ ನೆಮ್ಮದಿಯನ್ನೇ ದೇಹ ಕಲಿತುಕೊಳ್ಳುತ್ತದೆ. ಏಳುತ್ತಿದ್ದಂತೆ 'ಹೊಟ್ಟಿ ನೋಯಾಕತ್ತೇತೇನು?' ಎಂದು ನೀವಾಗಿ ಕೇಳಬೇಡಿ. ಅವನು ಹೇಳಿದರೆ 'ಹೌದು, ನೋಯ್ತದ. ಆದರೂ ಹೋಗೋಣ, ಗೇಟಿನ ಹತ್ರ ಮಿಸ್ ಇರ್ತಾರ' ಎಂದು ಒಂದೇ ಸಲ, ಶಾಂತವಾಗಿ ಹೇಳಿ. ನಾಷ್ಟಾ ಹಗುರ ಇರಲಿ, ಖಾಲಿ ಹೊಟ್ಟೆ ಬೇಡ. ಗೇಟಿನಲ್ಲಿ ಗೊತ್ತುಮಾಡಿದ ಒಬ್ಬರೇ ಪ್ರತಿದಿನ ಎದುರುಗೊಳ್ಳಲಿ, ನೀವು ಎರಡು ನಿಮಿಷದೊಳಗೆ ಹೊರಡಿ. ಅಲ್ಲೇ ನಿಂತು ಇಣುಕಿದರೆ ಅಳು ಹೆಚ್ಚುತ್ತದೆ. ಈಗಾಗಲೇ ವಾರಗಟ್ಟಲೆ ತಪ್ಪಿದ್ದರೆ ಮೊದಲು ಇಷ್ಟದ ಎರಡು ಪೀರಿಯಡ್, ಎರಡು-ಮೂರು ದಿನಕ್ಕೊಮ್ಮೆ ಒಂದೊಂದು ಹೆಚ್ಚಿಸಿ ಪೂರ್ತಿ ದಿನಕ್ಕೆ ತನ್ನಿ. ಮನೆಯಲ್ಲಿ ಉಳಿಯಲೇಬೇಕಾದ ದಿನ ಟಿವಿ, ಮೊಬೈಲ್ ಇರಬಾರದು.

'ಸತ್ತು ಹೋಗ್ತೀನಿ' ಎಂಬ ಮಾತು, ಕೈ ಗಾಯ ಮಾಡಿಕೊಳ್ಳುವುದು, ಊಟ ಬಿಡುವುದು, ಹೊಸದಾಗಿ ಹಾಸಿಗೆ ಒದ್ದೆ ಮಾಡುವುದು, ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನು ಕಂಡರೆ ಹೆದರುವುದು, ಇವುಗಳಲ್ಲಿ ಯಾವುದು ಕಂಡರೂ ಆರು ವಾರದ ಲೆಕ್ಕ ಬಿಟ್ಟು ತಡಮಾಡದೆ ವೈದ್ಯರ ಹತ್ತಿರ ಹೋಗಿ. ಮೊದಲ ಎರಡರಲ್ಲಿ ಅದೇ ದಿನ. ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ. ಮಗುವಿಗೆ ಯಾರಿಂದಲಾದರೂ ಹಿಂಸೆ ಆಗುತ್ತಿದ್ದರೆ ಮಕ್ಕಳ ಸಹಾಯವಾಣಿ 1098.

ಟ್ಯೂಷನ್ ಬೇಡ ಎಂದು ನಮ್ಮ ಸ್ಪಷ್ಟ ಅಭಿಪ್ರಾಯ. ಟ್ಯೂಷನ್‌ನಲ್ಲಿ ನಡೆಯುವುದು ಶಾಲೆಯ ಪಾಠದ ಪುನರಾವರ್ತನೆ. ಅಕ್ಷರದಲ್ಲೇ ಸಿಕ್ಕಿಕೊಂಡ ಮಗುವಿಗೆ ಅದೇ ಪುಟವನ್ನು ಮತ್ತೆ ಎರಡು ಗಂಟೆ ತೋರಿಸಿದರೆ ಆಟವೂ ನಿದ್ದೆಯೂ ಹೋಗುತ್ತದೆ, ಓದು ಬರುವುದಿಲ್ಲ. ಅದರ ಬದಲು ವಾರಕ್ಕೆ ಐದು ದಿನ, ದಿನಕ್ಕೆ 20 ನಿಮಿಷ ಮನೆಯಲ್ಲಿ ಕೂಡಿ. ಮೊದಲ ಹತ್ತು ನಿಮಿಷ ಒಂದೇ ಒಂದು ಗುರುತಿನ ಮೇಲೆ ಕೆಲಸ. ಈ ವಾರ ದೀರ್ಘ ಈಕಾರ ಎಂದಿಟ್ಟುಕೊಳ್ಳಿ. ನೀವು 'ನೀರು' ಅನ್ನಿ, ಅವನು ಧ್ವನಿ ಬಿಡಿಸಿ ಹೇಳಲಿ, ಬೆರಳಿನಿಂದ ರವೆಯ ತಟ್ಟೆಯಲ್ಲಿ ಬರೆಯಲಿ, ಆಮೇಲೆ ಪಟ್ಟಿಯಲ್ಲಿ ಬರೆದು ಓದಲಿ. ನಿನ್ನೆಯ ಪದಗಳೂ ಸೇರಿ ಹತ್ತು ಪದ ಇರಲಿ. ಎರಡು ದಿನ ಸತತ ಹತ್ತಕ್ಕೆ ಒಂಬತ್ತು ಸರಿಯಾದರೆ ಮಾತ್ರ ಮುಂದಿನ ಗುರುತು. ಬೇಗ ಮುಗಿಸುವ ಆತುರದಲ್ಲಿ ಎಲ್ಲರೂ ತಪ್ಪುವುದು ಇಲ್ಲೇ. ಉಳಿದ ಹತ್ತು ನಿಮಿಷ ಅವನಿಗೆ ಇಷ್ಟವಾದದ್ದನ್ನು, ಕ್ರಿಕೆಟ್ ಸುದ್ದಿಯಾದರೂ ಸರಿ, ಇಬ್ಬರೂ ಕೂಡಿ ಗಟ್ಟಿಯಾಗಿ ಓದುವುದು. ಅವನು ತಡೆದರೆ ಐದು ಸೆಕೆಂಡ್ ಕಾದು ಪದ ಹೇಳಿಬಿಡಿ, 'ಕೂಡಿಸು, ಕೂಡಿಸು' ಎಂದು ಒತ್ತಾಯಿಸಬೇಡಿ. ಈ ಹತ್ತು ನಿಮಿಷವನ್ನು ನಿಮ್ಮ ಮನೆಯವರಿಗೇ ಒಪ್ಪಿಸಿ. ಮಗ ಎಷ್ಟು ಕಷ್ಟಪಡುತ್ತಾನೆ ಎಂಬುದನ್ನು ಪಕ್ಕದಲ್ಲಿ ಕೂತು ನೋಡಿದ ತಂದೆ ಸೋಮಾರಿ ಎನ್ನುವುದನ್ನು ಬಿಡುತ್ತಾರೆ.

ಪರೀಕ್ಷೆಗೆ ನೀವು ಬೆಂಗಳೂರಿಗೆ ಹೋಗಬೇಕಿಲ್ಲ. ಧಾರವಾಡದಲ್ಲೇ ಬೆಳಗಾವಿ ರಸ್ತೆಯಲ್ಲಿ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಗದಗ, ಹಾವೇರಿಯ ಪೋಷಕರು ತಮ್ಮ ಜಿಲ್ಲೆಯ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಮೊದಲು ವಿಚಾರಿಸಬಹುದು. ಹೋಗುವಾಗ ಎರಡು ವರ್ಷದ ನೋಟ್‌ಬುಕ್, ಅಂಕಪಟ್ಟಿ, ಟೀಚರ್ ಬರೆದ ಒಂದು ಪುಟದ ಟಿಪ್ಪಣಿ, ಕಣ್ಣು ಕಿವಿಯ ವರದಿ, ನೀವು ಮಾಡಿದ ಉಕ್ತಲೇಖನದ ಹಾಳೆ ಒಯ್ಯಿರಿ. ಬುದ್ಧಿಶಕ್ತಿಯ ಪರೀಕ್ಷೆ, ಓದು-ಬರಹ-ಲೆಕ್ಕದ ಪರೀಕ್ಷೆ ಎರಡೂ ಇರುತ್ತವೆ, ಒಂದಕ್ಕಿಂತ ಹೆಚ್ಚು ಸಲ ಹೋಗಬೇಕಾಗಬಹುದು. ಮನೆಯಲ್ಲಿ ತಯಾರಿ ಮಾಡಿಸಿ ಕಳಿಸಬೇಡಿ, ಫಲಿತಾಂಶ ಕೆಡುತ್ತದೆ. ಬರುವ ವರದಿ ತರಗತಿಯ ನೆರವಿಗೆ ಸಾಕು. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರಹಗಾರರ ನೆರವು ಬೇಕಾದಾಗ ಮಾತ್ರ ಪ್ರಮಾಣಪತ್ರ ಬೇಕು. ಅದರ ಅರ್ಜಿ ಶಾಲೆಯ ಮೂಲಕವೇ ಹೋಗಬೇಕು, ಒಂಬತ್ತನೇ ತರಗತಿಯಲ್ಲೇ ಶುರುಮಾಡಿ. ಶಾಲೆಗೆ ಇಡೀ ವರದಿ ಕೊಡಬೇಕಿಲ್ಲ, ಶಿಫಾರಸುಗಳ ಪುಟ ಸಾಕು. ಹೆಸರು ಹಚ್ಚುತ್ತಾರೆ ಎಂಬ ನಿಮ್ಮ ಭಯಕ್ಕೆ ಇದೇ ಉತ್ತರ.

ಶಾಲೆ ಬದಲಿಸುವ ಮಾತು ಈಗ ಬೇಡ. ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ತೊಡಕಿದ್ದರೆ ಅದು ಹೊಸ ಶಾಲೆಗೂ ಜೊತೆಗೇ ಬರುತ್ತದೆ, ಗೆಳೆಯರು ಮಾತ್ರ ಹಿಂದುಳಿಯುತ್ತಾರೆ. ಕನ್ನಡ ಎಷ್ಟೋ ಚೆನ್ನಾಗಿದ್ದು ಇಂಗ್ಲಿಷ್‌ನಲ್ಲೇ ಮುಳುಗುತ್ತಿದ್ದರೆ ಕನ್ನಡ ಮಾಧ್ಯಮವನ್ನು ನಾಚಿಕೆ ಇಲ್ಲದೆ ಯೋಚಿಸಿ. ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂಡಿಸುವುದಾಗಲಿ ಹಾಸ್ಟೆಲ್‌ಗೆ ಹಾಕುವುದಾಗಲಿ ಮಾಡಬೇಡಿ. ಆರು ವಾರದ ನಂತರವೂ ಶಾಲೆ ಬರೆದುಕೊಟ್ಟದ್ದನ್ನು ಮಾಡದಿದ್ದರೆ ಪತ್ರ ಬರೆಯಿರಿ. ಅದರಲ್ಲಿ ಬಹಳ ಜನ ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆ ಎತ್ತುತ್ತಾರೆ. 2014ರಲ್ಲಿ ಸುಪ್ರೀಂ ಕೋರ್ಟ್ ಕ್ರೈಸ್ತರೂ ಸೇರಿದಂತೆ ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳನ್ನು ಅದರಿಂದ ಹೊರಗಿಟ್ಟಿತು, ಆ ಮಾತಿಗೆ ಬಲವಿಲ್ಲ. ನೀವು ಹೆಸರಿಸಬೇಕಾದದ್ದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ. ಅದರ 21 ಬಗೆಗಳಲ್ಲಿ ಕಲಿಕೆಯ ನಿರ್ದಿಷ್ಟ ತೊಡಕೂ ಒಂದು, ಮತ್ತು ಅದರ 16ನೇ ಕಲಂ ಸರ್ಕಾರದಿಂದ ಮಾನ್ಯತೆ ಪಡೆದ ಶಾಲೆಗಳಿಗೂ ಸಂಬಂಧಿಸಿದ್ದು. ಪತ್ರದ ಒಂದು ಪ್ರತಿ ಸಂಸ್ಥೆಯ ಆಡಳಿತ ಮಂಡಳಿಗೆ, ಇನ್ನೊಂದು ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.